ತಾರಸಿಯ ಸೋಲಾರ್ ಘಟಕಕ್ಕೆ ಗೃಹ ವಿಮೆ: ಏನನ್ನು ಓದಬೇಕು, ಏನನ್ನು ಬರೆಸಬೇಕು

ತಾರಸಿಯ ಮೇಲೆ ಸೋಲಾರ್ ಘಟಕ ಹಾಕಿಸುವವರು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಅರ್ಜಿ, ಬ್ಯಾಂಕ್ ಸಾಲ, ಸಹಾಯಧನ, ಕೊಟ್ಟ-ಪಡೆದ ವಿದ್ಯುತ್ತಿನ ಲೆಕ್ಕವಿಡುವ ನೆಟ್ ಮೀಟರ್ ಎಂದು ವಾರಗಟ್ಟಲೆ ಓಡಾಡುತ್ತಾರೆ. ವಿಮೆಯ ಮಾತು ಬಂದಾಗ ಮಾತ್ರ ‘25 ವರ್ಷ ವಾರಂಟಿ ಇದೆಯಲ್ಲ’ ಎಂದು ಮುಗಿಸಿಬಿಡುತ್ತಾರೆ. ಆ 25 ವರ್ಷದ ವಾರಂಟಿ ಎಂಬುದು ಫಲಕಗಳ ಉತ್ಪಾದನಾ ಸಾಮರ್ಥ್ಯ ನಿಗದಿತ ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ತಯಾರಕರು ಕೊಡುವ ಭರವಸೆ. ಬಿರುಗಾಳಿಗೆ ಫಲಕ ಕಿತ್ತು ಹೋದರೆ, ಪಕ್ಕದ ತೆಂಗಿನ ಮರ ಉರುಳಿ ಗಾಜು ಒಡೆದರೆ, ಸಿಡಿಲಿಗೆ ಸುಟ್ಟರೆ ಆ ವಾರಂಟಿ ನೆರವಿಗೆ ಬರುವುದಿಲ್ಲ. ತಾರಸಿ ಸೋಲಾರಿಗೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಡಿ ಘಟಕ ಸ್ಥಾಪಿಸಿದ ಸಂಸ್ಥೆ 5 ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬ ನಿಯಮವಿದ್ದರೂ, ಅದು ಕೆಟ್ಟ ಭಾಗಗಳನ್ನು ಸರಿಪಡಿಸುವ ಹೊಣೆಯೇ ಹೊರತು ಪ್ರಕೃತಿ ವಿಕೋಪಕ್ಕೆ ಪರಿಹಾರ ಕೊಡುವ ಹೊಣೆಯಲ್ಲ. ಹೊರಗಿನಿಂದ ಬಂದೆರಗುವ ಅನಾಹುತಕ್ಕೆ ಇರುವ ದಾರಿ ವಿಮೆಯೊಂದೇ. ಆ ವಿಮೆಯನ್ನು ಮನೆಯ ಪಾಲಿಸಿಯ ಒಳಗೇ, ಹೆಚ್ಚು ಖರ್ಚಿಲ್ಲದೆ ಪಡೆಯಬಹುದು. ಆದರೆ ಪಾಲಿಸಿಯ ಕೆಲವು ಸಾಲುಗಳನ್ನು ಮೊದಲೇ ಓದಿಕೊಂಡಿರಬೇಕು.

ನಮ್ಮ ದೇಶದಲ್ಲಿ ಮನೆಗಳಿಗೆ ಇಂದು ದೊರೆಯುವ ಮೂಲ ಪಾಲಿಸಿಯ ಹೆಸರು ‘ಭಾರತ್ ಗೃಹ ರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇದರ ಒಕ್ಕಣೆಯನ್ನು ತಾನೇ ರೂಪಿಸಿ, ಬೆಂಕಿ ವಿಮೆಯ ವ್ಯವಹಾರ ನಡೆಸುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 2021ರ ಏಪ್ರಿಲ್ 1ರಿಂದ ಇದನ್ನು ಮಾರಲೇಬೇಕೆಂದು ವಿಧಿಸಿತು. ಕಂಪನಿ ಯಾವುದಾದರೂ ಮೂಲ ಒಕ್ಕಣೆ ಒಂದೇ ಆಗಿರುವುದರಿಂದ ಗ್ರಾಹಕರಿಗೆ ಹೋಲಿಸಿ ನೋಡುವುದು ಸುಲಭ. ವ್ಯತ್ಯಾಸವಿರುವುದು ಪ್ರೀಮಿಯಂನಲ್ಲಿ, ಜೊತೆಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆಗಳಲ್ಲಿ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ಕಾಳ್ಗಿಚ್ಚು, ಹೊರಗಿನ ವಸ್ತುವೊಂದು ಬಂದು ಅಪ್ಪಳಿಸುವುದು, ಗಲಭೆ, ದುರುದ್ದೇಶದಿಂದ ಮಾಡಿದ ಹಾನಿ, ಭಯೋತ್ಪಾದನೆ, ನೀರಿನ ಟ್ಯಾಂಕು ಒಡೆಯುವುದು ಇವೆಲ್ಲವೂ ಇದರ ವ್ಯಾಪ್ತಿಯಲ್ಲಿವೆ. ತಾರಸಿಯ ಮೇಲಿನ ಫಲಕಗಳಿಗೆ ಬರಬಹುದಾದ ಗಂಡಾಂತರಗಳಲ್ಲಿ ಬಹುಪಾಲು ಈ ಪಟ್ಟಿಯೊಳಗೇ ಬರುತ್ತವೆ.

ಫಲಕ ಯಾವ ಭಾಗಕ್ಕೆ ಸೇರುತ್ತದೆ

ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಎರಡು ಭಾಗಗಳಿವೆ: ಕಟ್ಟಡದ ವಿಮೆ ಮತ್ತು ಮನೆಯೊಳಗಿನ ಸಾಮಗ್ರಿಗಳ ವಿಮೆ. ಸೋಲಾರ್ ಫಲಕದ ಹೆಸರು ಎರಡೂ ಕಡೆ ಕಾಣಿಸಿಕೊಳ್ಳುತ್ತದೆ. ಕಟ್ಟಡದ ವ್ಯಾಖ್ಯೆಯಲ್ಲಿ ಕಾಂಪೌಂಡ್ ಗೋಡೆ, ಗ್ಯಾರೇಜು, ಸೆಪ್ಟಿಕ್ ಟ್ಯಾಂಕುಗಳ ಸಾಲಿನಲ್ಲಿ ‘ಹೆಚ್ಚುವರಿ ರಚನೆ’ ಎಂದು ಅದನ್ನು ಹೇಳಿದ್ದರೆ, ಸಾಮಗ್ರಿಗಳ ವ್ಯಾಖ್ಯೆಯಲ್ಲಿ ಪೀಠೋಪಕರಣ, ಆಂಟೆನಾ, ಅಡುಗೆ ಉಪಕರಣಗಳ ಜೊತೆ ಎಣಿಸಿದ್ದಾರೆ. ಒಂದು ಕಡೆ ಸೇರಿಸಿದ್ದನ್ನು ಇನ್ನೊಂದು ಕಡೆ ಸೇರಿಸುವಂತಿಲ್ಲ. ಆದ್ದರಿಂದ ‘ಎರಡೂ ಕಡೆ ಇದೆಯಲ್ಲ, ಹೇಗಿದ್ದರೂ ಬರುತ್ತದೆ’ ಎಂದು ಏಜೆಂಟರು ಹೇಳಿದರೆ ಸುಮ್ಮನಾಗಬಾರದು. ನಿಮ್ಮ ಘಟಕ ಯಾವ ಭಾಗದಲ್ಲಿದೆ, ಎಷ್ಟು ಮೊತ್ತಕ್ಕಿದೆ ಎಂಬುದು ಪಾಲಿಸಿಯ ಷೆಡ್ಯೂಲ್‌ನಲ್ಲಿ (ವಿಮೆಯ ವಿವರ, ಮೊತ್ತಗಳ ಪಟ್ಟಿಯಲ್ಲಿ) ಅಚ್ಚಾಗಿರಬೇಕು.

ಇದು ಏಕೆ ಮುಖ್ಯವೆಂದರೆ, ಎರಡೂ ಭಾಗಗಳಲ್ಲಿ ವಿಮಾ ಮೊತ್ತವನ್ನು ಲೆಕ್ಕ ಹಾಕುವ ರೀತಿ ಬೇರೆ ಬೇರೆ. ಕಟ್ಟಡದ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣಕ್ಕೆ ಈಗಿನ ನಿರ್ಮಾಣ ದರವನ್ನು ಗುಣಿಸಿ ಕಂಡುಕೊಳ್ಳುತ್ತಾರೆ. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ಹೆಚ್ಚುವರಿ ರಚನೆಗಳ ವೆಚ್ಚವನ್ನು ಇದಕ್ಕೆ ಪ್ರತ್ಯೇಕವಾಗಿ ಕೂಡಿಸಬೇಕು. 1,000 ಚದರಡಿಯ ಮನೆಗೆ ಚದರಡಿಗೆ ₹2,200ರಂತೆ ಲೆಕ್ಕ ಹಾಕಿ ₹22 ಲಕ್ಷ ಎಂದು ಬರೆಸಿದ್ದರೆ, ಆ ಅಂಕಿಯಲ್ಲಿ ಗೋಡೆ, ಸೂರು, ನೆಲ ಎಲ್ಲವೂ ಇದ್ದರೂ ತಾರಸಿಯ ಮೇಲಿನ ₹2 ಲಕ್ಷದ ಘಟಕ ಇರುವುದಿಲ್ಲ. ಅದನ್ನು ಸೇರಿಸಿ ₹24 ಲಕ್ಷ ಮಾಡಿಸಬೇಕು. ಸಾಮಗ್ರಿಗಳ ಭಾಗದ ಲೆಕ್ಕ ಇನ್ನೊಂದು ಬಗೆಯದು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ, ಸಾಮಗ್ರಿಗಳಿಗೂ ವಿಮೆ ತಾನಾಗಿಯೇ ಸಿಗುತ್ತದೆ. ಮೇಲಿನ ಉದಾಹರಣೆಯ ₹22 ಲಕ್ಷಕ್ಕೆ ಅದು ₹4.4 ಲಕ್ಷ. ಟಿವಿ, ಫ್ರಿಜ್, ವಾಷಿಂಗ್ ಮಷೀನು, ಮಂಚ, ಬೀರು, ಬಟ್ಟೆಬರೆ ಎಲ್ಲವೂ ಈ ಮೊತ್ತದೊಳಗೇ ಬರಬೇಕಾಗಿರುವಾಗ ಸೋಲಾರ್ ಘಟಕವನ್ನೂ ಅಲ್ಲಿಗೇ ತುರುಕಿದರೆ, ದೊಡ್ಡ ಅನಾಹುತವಾದ ದಿನ ಹಣ ಸಾಲದೆ ಹೋಗುತ್ತದೆ. ಸ್ವಂತ ಮನೆಯವರು ಘಟಕವನ್ನು ಕಟ್ಟಡದ ಭಾಗದಲ್ಲಿ ಹೆಚ್ಚುವರಿ ರಚನೆಯಾಗಿ ಬರೆಸುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಬರೆಸುವಾಗ ‘ಸೋಲಾರ್ ಪ್ಯಾನೆಲ್’ ಎಂಬ ಎರಡೇ ಪದಗಳಿಗೆ ತೃಪ್ತಿಪಡಬೇಡಿ. ಘಟಕವೆಂದರೆ ಫಲಕವಷ್ಟೇ ಅಲ್ಲ: ಫಲಕಗಳನ್ನು ಹೊತ್ತ ಕಬ್ಬಿಣದ ಚೌಕಟ್ಟು, ಫಲಕದ ಡಿಸಿ ವಿದ್ಯುತ್ತನ್ನು ಮನೆಬಳಕೆಯ ಎಸಿಯಾಗಿ ಬದಲಿಸುವ ಇನ್ವರ್ಟರ್, ಡಿಸಿ ಮತ್ತು ಎಸಿ ಪೆಟ್ಟಿಗೆಗಳು, ಕೇಬಲ್, ಅರ್ತಿಂಗ್, ಸಿಡಿಲು ನಿರೋಧಕ, ಇದ್ದರೆ ಬ್ಯಾಟರಿ. ಇನ್ವರ್ಟರನ್ನು ಸಾಮಾನ್ಯವಾಗಿ ಮೆಟ್ಟಿಲ ಕೋಣೆಯ ಗೋಡೆಗೋ ಪೋರ್ಟಿಕೋದ ಗೋಡೆಗೋ ಹಾಕಿರುತ್ತಾರೆ. ಅದು ಪ್ಯಾನೆಲ್ ಅಲ್ಲ ಎಂದು ಮುಂದೊಂದು ದಿನ ವಾದ ಎದ್ದರೆ ಆಶ್ಚರ್ಯಪಡಬೇಕಿಲ್ಲ. ‘ತಾರಸಿಯ ಮೇಲಿನ 3 ಕಿಲೋವ್ಯಾಟ್ ಗ್ರಿಡ್ ಸಂಪರ್ಕಿತ ಸೌರ ವಿದ್ಯುತ್ ಘಟಕ, ಅದರ ಚೌಕಟ್ಟು, ಇನ್ವರ್ಟರ್, ಕೇಬಲ್ ಮತ್ತು ಎಲ್ಲ ಜೋಡಣೆಗಳ ಸಹಿತ’ ಎಂಬಂಥ ವಿವರಣೆಯನ್ನು ಕಂಪನಿಗೆ ಇಮೇಲ್ ಮೂಲಕ ಕಳುಹಿಸಿ, ಅದೇ ಮಾತು ಪಾಲಿಸಿಯಲ್ಲೋ ಎಂಡಾರ್ಸ್‌ಮೆಂಟ್‌ನಲ್ಲೋ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರದಲ್ಲೋ) ಬರುವಂತೆ ನೋಡಿಕೊಳ್ಳಿ. ಬಿಸಿನೀರಿನ ಸೋಲಾರ್ ಹೀಟರ್ ಇದ್ದರೆ ಅದನ್ನೂ ಹೆಸರಿಸಿ. ಬೆಂಗಳೂರಿನ ತಾರಸಿಗಳಲ್ಲಿ ವಿದ್ಯುತ್ ಫಲಕಕ್ಕಿಂತ ಬಹಳ ಮೊದಲೇ ಬಂದು ಕೂತದ್ದು ಅದೇ, ವಿಮೆಯ ಪತ್ರದಲ್ಲಿ ಯಾರೂ ನೆನೆಯದಿರುವುದೂ ಅದನ್ನೇ.

ಈಗಾಗಲೇ ಗೃಹ ಸಾಲದ ಜೊತೆ 10 ವರ್ಷದ ಪಾಲಿಸಿ ತೆಗೆದುಕೊಂಡಿದ್ದು, ನಡುವೆ ಸೋಲಾರ್ ಹಾಕಿಸಿದವರು ಹೊಸ ಪಾಲಿಸಿ ಕೊಳ್ಳಬೇಕಾಗಿಲ್ಲ. ಇರುವ ಪಾಲಿಸಿಗೆ ಎಂಡಾರ್ಸ್‌ಮೆಂಟ್ ಮಾಡಿಸಿ, ಉಳಿದ ಅವಧಿಯ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಸಾಕು. ದೀರ್ಘಾವಧಿಯ ಪಾಲಿಸಿಗಳಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುವ ಅನುಕೂಲವಿದೆ ಎಂಬುದು ನಿಜ. ಹಾಗೆ ಏರಿದ ಮೊತ್ತವೇ ಸೋಲಾರಿಗೂ ಸಾಕಾಗುತ್ತದೆ ಎಂದು ಕೆಲವರು ಹೇಳುವುದುಂಟು. ನಿರ್ಮಾಣ ವೆಚ್ಚ ಏರುತ್ತಲೇ ಇರುವಾಗ ಆ ಏರಿಕೆ ಗೋಡೆ-ಸೂರಿಗೇ ಬೇಕಾಗುತ್ತದೆ.

ಸಹಾಯಧನ ಕಳೆದ ಬೆಲೆಗೆ ವಿಮೆ ಮಾಡಿಸಬೇಡಿ

ಮೊತ್ತ ನಿಗದಿಯಲ್ಲಿ ಆಗುವ ತಪ್ಪುಗಳಲ್ಲಿ ಇದು ತೀರಾ ಸಾಮಾನ್ಯ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ಗರಿಷ್ಠ ₹78,000 ಸಹಾಯಧನ ಬರುತ್ತದೆ. ₹1,95,000ಕ್ಕೆ 3 ಕಿಲೋವ್ಯಾಟ್ ಘಟಕ ಹಾಕಿಸಿದವರು ತಮ್ಮ ಕೈಯಿಂದ ಹೋದದ್ದು ₹1,17,000 ಮಾತ್ರ ಎಂದುಕೊಂಡು ಅಷ್ಟಕ್ಕೇ ವಿಮೆ ಮಾಡಿಸುತ್ತಾರೆ. ಘಟಕ ನಾಶವಾಗಿ ಮತ್ತೊಮ್ಮೆ ಹಾಕಿಸಬೇಕಾಗಿ ಬಂದರೆ ಸರ್ಕಾರ ಎರಡನೆಯ ಸಲ ಸಹಾಯಧನ ಕೊಡುವುದಿಲ್ಲ. ಒಮ್ಮೆ ಪಡೆದ ಕುಟುಂಬ ಯೋಜನೆಗೆ ಮತ್ತೆ ಅರ್ಹವಲ್ಲ. ಆಗ ಪೂರ್ತಿ ₹1,95,000 ನಿಮ್ಮ ಜೇಬಿನಿಂದಲೇ ಹೋಗಬೇಕು. ಆದ್ದರಿಂದ ವಿಮಾ ಮೊತ್ತವೆಂದರೆ ಇಂದು ಅದೇ ಸಾಮರ್ಥ್ಯದ ಘಟಕವನ್ನು ಹೊಸದಾಗಿ ನಿಲ್ಲಿಸಲು ಜಿಎಸ್‌ಟಿ, ಕೂಲಿ, ಕ್ರೇನಿನ ಬಾಡಿಗೆ ಎಲ್ಲ ಸೇರಿ ಆಗುವ ವೆಚ್ಚ. ಫಲಕದ ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವುದರಿಂದ, ನವೀಕರಣದ ಹೊತ್ತಿಗೆ ಸ್ಥಳೀಯ ಗುತ್ತಿಗೆದಾರರಿಂದ ಒಂದು ಕೊಟೇಶನ್ ತರಿಸಿಕೊಂಡು ನೋಡುವುದು ಒಳ್ಳೆಯದು.

ಇನ್ವರ್ಟರ್ ಎಂಬ ಬಿರುಕು

ಈಗ ಪಾಲಿಸಿಯ ಅತ್ಯಂತ ಮುಖ್ಯವಾದ, ಅತಿ ಕಡಿಮೆ ಜನ ಓದುವ ಸಾಲಿಗೆ ಬರೋಣ. ಹೊರತುಪಡಿಸಿದ ಹಾನಿಗಳ ಪಟ್ಟಿಯಲ್ಲಿ ಒಂದು ಷರತ್ತು ಹೀಗಿದೆ: ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಉಪಕರಣವೊಂದು ಅತಿಯಾದ ಓಟ, ಅತಿಯಾದ (ವಿದ್ಯುತ್) ಒತ್ತಡ, ಶಾರ್ಟ್ ಸರ್ಕಿಟ್, ಆರ್ಕಿಂಗ್ (ಕಿಡಿ ಹಾರುವಿಕೆ), ತಾನಾಗಿ ಬಿಸಿಯೇರುವಿಕೆ ಅಥವಾ ವಿದ್ಯುತ್ ಸೋರಿಕೆಯಿಂದ ಹಾಳಾದರೆ, ಅದಕ್ಕೆ ಕಾರಣ ಏನೇ ಆಗಿರಲಿ, ಸಿಡಿಲೇ ಆಗಿರಲಿ, ಆ ಉಪಕರಣಕ್ಕೆ ಪರಿಹಾರವಿಲ್ಲ. ‘ಸಿಡಿಲೇ ಆಗಿರಲಿ’ ಎಂಬ ಮಾತು ಆವರಣದೊಳಗೆ ಸಣ್ಣದಾಗಿ ಕೂತಿದೆ. ಮೇಲೆ ಸಿಡಿಲಿಗೆ ರಕ್ಷಣೆಯುಂಟು ಎಂದು ಓದಿ ನೆಮ್ಮದಿಯಿಂದಿದ್ದವರಿಗೆ ಇಲ್ಲಿ ಏಟು ಬೀಳುತ್ತದೆ.

ನಿಜ ಜೀವನದಲ್ಲಿ ಇದರ ಅರ್ಥ ಹೀಗೆ. ಸಿಡಿಲು ನೇರವಾಗಿ ಫಲಕಕ್ಕೆ ಬಡಿದು ಗಾಜು ಒಡೆದು, ಚೌಕಟ್ಟು ಕರಗಿ ಕಪ್ಪಾದರೆ ಅದು ಸಿಡಿಲಿನ ಹಾನಿ. ಆದರೆ ಹೆಚ್ಚಾಗಿ ನಡೆಯುವುದು ಹಾಗಲ್ಲ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಎಲ್ಲೋ ಹತ್ತಿರ ಸಿಡಿಲು ಬೀಳುತ್ತದೆ, ತಂತಿಯ ಮೂಲಕ ಕ್ಷಣಮಾತ್ರದ ಭಾರೀ ವೋಲ್ಟೇಜ್ ಒಳನುಗ್ಗುತ್ತದೆ, ಇನ್ವರ್ಟರಿನ ಬೋರ್ಡ್ ಸುಡುತ್ತದೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇರುವುದಿಲ್ಲ; ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಬೆರಳಗಲದ ಕಪ್ಪು ಕಲೆ, ಸುಟ್ಟ ವಾಸನೆ. ಮನೆಯವರು ಇದನ್ನು ಸಿಡಿಲು ಎನ್ನುತ್ತಾರೆ, ಹಾನಿಯನ್ನು ಪರಿಶೀಲಿಸಲು ಬರುವ ಸರ್ವೇಯರ್ ಅತಿಯಾದ ಒತ್ತಡ ಎಂದು ಬರೆಯುತ್ತಾರೆ. ಷರತ್ತಿನ ಅಕ್ಷರ ನೋಡಿದರೆ ಸರ್ವೇಯರ್ ಬರೆದದ್ದು ನಿಲ್ಲುತ್ತದೆ. ಅದೇ ಇನ್ವರ್ಟರಿನಿಂದ ಬೆಂಕಿ ಹಬ್ಬಿ ಪಕ್ಕದ ಬೀರು, ಬಾಗಿಲು ಸುಟ್ಟರೆ ಅವಕ್ಕೆ ಪರಿಹಾರ ಉಂಟು, ಏಕೆಂದರೆ ಈ ಹೊರತುಪಡಿಕೆ ಅನ್ವಯಿಸುವುದು ಕೆಟ್ಟ ಆ ಒಂದು ಉಪಕರಣಕ್ಕೆ ಮಾತ್ರ.

ಈ ಬಿರುಕನ್ನು ಮುಚ್ಚಲು ದಾರಿಗಳಿವೆ. ಹಲವು ಕಂಪನಿಗಳ ಗೃಹ ಪ್ಯಾಕೇಜ್ ಪಾಲಿಸಿಗಳಲ್ಲಿ ವಿದ್ಯುತ್ ಮತ್ತು ಯಾಂತ್ರಿಕ ಕೆಡುಕಿಗೆ ಪ್ರತ್ಯೇಕ ವಿಭಾಗ ಇರುತ್ತದೆ. ಅದರಲ್ಲಿ ಇನ್ವರ್ಟರನ್ನು ಮಾದರಿ, ಸೀರಿಯಲ್ ಸಂಖ್ಯೆ, ಕೊಂಡ ವರ್ಷ ಸಮೇತ ನಮೂದಿಸಬೇಕು. ಹಳೆಯ ಉಪಕರಣಕ್ಕೆ ಸವಕಳಿ ಕಳೆಯುತ್ತಾರೆಯೇ, ಎಷ್ಟು ವರ್ಷದವರೆಗೆ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿ. ಇನ್ನೊಂದು ದಾರಿ ಅನಾಹುತವನ್ನೇ ತಡೆಯುವುದು: ಡಿಸಿ ಮತ್ತು ಎಸಿ ಎರಡೂ ಕಡೆ ಸರ್ಜ್ ರಕ್ಷಕ (ಹಠಾತ್ತನೆ ನುಗ್ಗುವ ವೋಲ್ಟೇಜನ್ನು ತಡೆಯುವ ಸಾಧನ), ಫಲಕಗಳಿಗಿಂತ ಎತ್ತರದಲ್ಲಿ ಸಿಡಿಲು ನಿರೋಧಕ, ಸಿಡಿಲಿಗೆ, ಡಿಸಿಗೆ, ಎಸಿಗೆ ಬೇರೆ ಬೇರೆ ಅರ್ತಿಂಗ್ ಗುಂಡಿ. ಸರ್ಜ್ ರಕ್ಷಕದ ಪುಟ್ಟ ಕಿಟಕಿಯಲ್ಲಿ ಹಸಿರು ಬಣ್ಣವಿದ್ದರೆ ಅದು ಜೀವಂತ, ಕೆಂಪಾಗಿದ್ದರೆ ತನ್ನ ಕೆಲಸ ಮುಗಿಸಿದೆ ಎಂದರ್ಥ. ಮಳೆಗಾಲಕ್ಕೆ ಮೊದಲು ಒಮ್ಮೆ ಪೆಟ್ಟಿಗೆ ತೆರೆಸಿ ನೋಡಿ. ಈ ರಕ್ಷಕಗಳು ಇದ್ದವೆಂಬುದಕ್ಕೆ ಫೋಟೊ ಇದ್ದರೆ ಕ್ಲೇಮಿನ ವೇಳೆಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕಳವು, ಗಾಳಿ, ಆಲಿಕಲ್ಲು, ಕೋತಿ

ಕಳವಿನ ವಿಷಯದಲ್ಲಿ ಮೂಲ ಪಾಲಿಸಿ ಬಹಳ ಜಿಪುಣ. ಬೆಂಕಿ, ಪ್ರವಾಹ, ಗಲಭೆಯಂಥ ವಿಮೆಗೊಳಪಟ್ಟ ಘಟನೆಯೊಂದು ನಡೆದು, ಅದರ ಕಾರಣದಿಂದಲೇ 7 ದಿನಗಳೊಳಗೆ ಕಳವಾದರೆ ಮಾತ್ರ ಅದು ಪರಿಹಾರ ಕೊಡುತ್ತದೆ. ಊರಿಗೆ ಹೋಗಿದ್ದಾಗ ಯಾರೋ ತಾರಸಿ ಹತ್ತಿ ಫಲಕ ಬಿಚ್ಚಿಕೊಂಡು ಹೋದರೆ ಅದಕ್ಕೆ ಕಳ್ಳತನದ ವಿಮೆಯನ್ನು ಬೇರೆಯಾಗಿಯೇ ಸೇರಿಸಿಕೊಂಡಿರಬೇಕು. ಹಾಗೆ ಸೇರಿಸುವಾಗಲೂ ಒಂದು ಪ್ರಶ್ನೆ ಕೇಳಲೇಬೇಕು: ಕನ್ನಗಳ್ಳತನದ ವಿಮೆ ಸಾಮಾನ್ಯವಾಗಿ ಬೀಗ ಮುರಿದು ಒಳನುಗ್ಗಿದ ಗುರುತನ್ನು ಬೇಡುತ್ತದೆ, ಬಯಲಲ್ಲಿರುವ ಫಲಕಕ್ಕೆ ಯಾವ ಬೀಗ? ತೆರೆದ ಜಾಗದಲ್ಲಿ ಅಳವಡಿಸಿದ ವಸ್ತುವಿಗೂ ಅನ್ವಯಿಸುತ್ತದೆ ಎಂದು ಕಂಪನಿ ಲಿಖಿತವಾಗಿ ಒಪ್ಪದಿದ್ದರೆ ಆ ಹೆಚ್ಚುವರಿ ಪ್ರೀಮಿಯಂ ದಂಡವೇ ಸರಿ. ತೋಟದ ಮನೆಯವರಿಗೂ ಹೊರವಲಯದ ಒಂಟಿ ಮನೆಯವರಿಗೂ ಇದು ಹೆಚ್ಚು ಮುಖ್ಯ.

ಗಾಳಿಯ ಹಾನಿಗೆ ಪಾಲಿಸಿಯಲ್ಲಿ ಅಡ್ಡಿಯಿಲ್ಲ, ಆದರೆ ಚೌಕಟ್ಟನ್ನು ಸರಿಯಾಗಿ ನಿಲ್ಲಿಸಿರಲಿಲ್ಲ ಎಂಬ ತಕರಾರು ಬರಬಹುದು. ಭಾರತೀಯ ಮಾನಕ 875ರ ಮೂರನೆಯ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿ ವೇಗ (ವಿನ್ಯಾಸಕ್ಕೆ ಆಧಾರವಾಗಿ ಹಿಡಿಯುವ ವೇಗ) ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್. ಬಟ್ಟೆ ಒಣಗಿಸಲು, ಕೂರಲು ಜಾಗ ಉಳಿಯಲಿ ಎಂದು ಏಳೆಂಟು ಅಡಿ ಎತ್ತರಕ್ಕೆ ಫಲಕ ನಿಲ್ಲಿಸುವ ರೂಢಿ ಈಗ ಹೆಚ್ಚಾಗಿದೆ. ಎತ್ತರ ಹೆಚ್ಚಿದಷ್ಟೂ ಗಾಳಿ ಅದನ್ನು ಕೆಳಗಿನಿಂದ ಎತ್ತುವ ಬಲವೂ ಹೆಚ್ಚು. ಈ ಗಾಳಿ ವೇಗಕ್ಕೆ ಚೌಕಟ್ಟು ವಿನ್ಯಾಸಗೊಂಡಿದೆ ಎಂದು ಗುತ್ತಿಗೆದಾರರಿಂದ ಸಹಿ ಮಾಡಿದ ಒಂದು ಹಾಳೆಯನ್ನು ಹಣ ಕೊಡುವ ಮೊದಲೇ ಪಡೆಯಿರಿ. ಹಣ ಕೈ ಸೇರಿದ ಮೇಲೆ ಆ ಹಾಳೆ ಸಿಗುವುದು ಕಷ್ಟ.

ಆಲಿಕಲ್ಲಿನ ಹೆಸರನ್ನು ಮೂಲ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೇಳಿಲ್ಲ. ಬಿರುಗಾಳಿಯ ಭಾಗವೆಂದೋ ಹೊರವಸ್ತುವಿನ ಅಪ್ಪಳಿಕೆಯೆಂದೋ ಅದನ್ನು ಸಮರ್ಥಿಸಬಹುದಾದರೂ, ಕಂಪನಿಯಿಂದ ಮೊದಲೇ ಲಿಖಿತ ಉತ್ತರ ಪಡೆದಿರುವುದು ಕ್ಷೇಮ. ಫಲಕಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 61215ರ ಪರೀಕ್ಷೆಯಲ್ಲಿ 25 ಮಿಲಿಮೀಟರ್ ವ್ಯಾಸದ ಮಂಜಿನ ಉಂಡೆಯನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಫಲಕಕ್ಕೆ ಹೊಡೆದು ನೋಡುತ್ತಾರೆ. ಪ್ರಮಾಣಿತ ಫಲಕ ಸಾಮಾನ್ಯ ಆಲಿಕಲ್ಲಿಗೆ ಬಗ್ಗುವುದಿಲ್ಲ, ನಿಂಬೆಹಣ್ಣಿನ ಗಾತ್ರದ್ದು ಬಿದ್ದರೆ ಹೇಳಲಾಗದು. ಕೋತಿಗಳ ಕಾಟವಿರುವ ಮಲೆನಾಡಿನಂಥ ಕಡೆ ಅವು ಫಲಕದ ಮೇಲೆ ನೆಗೆದು, ಕೇಬಲ್ ಎಳೆದು ಮಾಡುವ ಹಾನಿಯ ಬಗೆಗೂ ಹೀಗೆಯೇ ಕೇಳಿಟ್ಟುಕೊಳ್ಳಿ. ಏಜೆಂಟರ ಬಾಯಿಮಾತು ಇಂಥಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮೂಲ ಪಾಲಿಸಿ ಕೊಡದಿರುವ ಇನ್ನೂ ಎರಡು ಸಂಗತಿಗಳಿವೆ. ಘಟಕ ನಿಂತುಹೋದ ತಿಂಗಳುಗಳಲ್ಲಿ ನೀವು ಕಟ್ಟಬೇಕಾದ ವಿದ್ಯುತ್ ಬಿಲ್ಲು ಅಥವಾ ಕೈತಪ್ಪಿದ ನೆಟ್ ಮೀಟರಿಂಗ್ ಲಾಭ ಪರೋಕ್ಷ ನಷ್ಟವಾದ್ದರಿಂದ ಅದು ಸಿಗುವುದಿಲ್ಲ. ನಿಮ್ಮ ಫಲಕ ಹಾರಿ ಪಕ್ಕದವರ ಕಾರಿನ ಮೇಲೋ ರಸ್ತೆಯಲ್ಲಿ ಹೋಗುವವರ ಮೇಲೋ ಬಿದ್ದರೆ ಬರುವ ಹೊಣೆಯೂ ಇದರಲ್ಲಿಲ್ಲ. ಎರಡನೆಯದು ಸಣ್ಣ ಮಾತಲ್ಲ. ಈಗಿನ ಒಂದೊಂದು ಫಲಕವೂ 20 ಕಿಲೋಗೂ ಹೆಚ್ಚು ತೂಗುತ್ತದೆ. 30 ಅಡಿ ರಸ್ತೆಯ ಇಕ್ಕಟ್ಟಿನ ಬಡಾವಣೆಗಳಲ್ಲಿರುವವರು ಮೂರನೆಯವರ ಹೊಣೆಯ ವಿಮೆಯನ್ನು ಸೇರಿಸಿಕೊಳ್ಳುವುದು ಉಚಿತ.

ಫಲಕದ ಮಾಲೀಕರು ಯಾರು ಎಂಬುದನ್ನೂ ಗಮನಿಸಬೇಕು. ಕಂಪನಿಯೇ ಫಲಕ ಹಾಕಿ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ವ್ಯವಸ್ಥೆಯಲ್ಲಿ ಫಲಕ ನಿಮ್ಮದಲ್ಲ, ಅದಕ್ಕೆ ವಿಮೆ ಮಾಡಿಸುವುದು ಆ ಕಂಪನಿಯ ಕೆಲಸ. ಒಪ್ಪಂದದಲ್ಲಿ ಹಾಗೆ ಬರೆದಿದೆಯೇ ನೋಡಿ. ಅಪಾರ್ಟ್‌ಮೆಂಟಿನ ತಾರಸಿಯಲ್ಲಿರುವ ಸಾಮೂಹಿಕ ಘಟಕವನ್ನು ನಿವಾಸಿಗಳ ಸಂಘ ತನ್ನ ಪಾಲಿಸಿಯಲ್ಲಿ ಸೇರಿಸಬೇಕು. ಸಾಲ ಕೊಟ್ಟ ಬ್ಯಾಂಕು ಪಾಲಿಸಿಯಲ್ಲಿ ತನ್ನ ಹೆಸರನ್ನೂ ಸೇರಿಸಲು ಕೇಳಬಹುದು.

ಅನಾಹುತವಾದ ಮೇಲೆ

ಮೊದಲ ಕೆಲಸ ಸುರಕ್ಷತೆ. ಬಿಸಿಲಿರುವಷ್ಟು ಹೊತ್ತು ಒಡೆದ ಫಲಕವೂ ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತದೆ. ಮೇನ್ ಸ್ವಿಚ್ ತೆಗೆದರೂ ಫಲಕದಿಂದ ಇನ್ವರ್ಟರಿನವರೆಗಿನ ಡಿಸಿ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ. ಎಸಿ ಬದಿಯ ಸ್ವಿಚ್ಚನ್ನೂ ಫಲಕದ ಕಡೆಯ ಸ್ವಿಚ್ಚಾದ ಡಿಸಿ ಐಸೊಲೇಟರನ್ನೂ ಆಫ್ ಮಾಡಿ, ತಂತಿಗೆ ಕೈಹಾಕದೆ ತಂತ್ರಜ್ಞರನ್ನು ಕರೆಯಿರಿ. ಬೆಂಕಿಯಾದರೆ ತಾರಸಿಯಲ್ಲಿ ಸೋಲಾರ್ ಇದೆ ಎಂದು ಅಗ್ನಿಶಾಮಕ ದಳಕ್ಕೆ ಮೊದಲೇ ತಿಳಿಸಿ.

ಆಮೇಲೆ ಏನನ್ನೂ ಕದಲಿಸುವ ಮುನ್ನ ಫೋಟೊ, ವಿಡಿಯೊ. ಇಡೀ ತಾರಸಿ ಕಾಣುವಂಥದ್ದು ಒಂದು, ಹತ್ತಿರದಿಂದ ಕಿತ್ತುಹೋದ ಕ್ಲ್ಯಾಂಪು, ಬಾಗಿದ ಕಾಲು, ನೆಲದಿಂದ ಎದ್ದ ಬೋಲ್ಟು, ಪ್ರತಿ ಫಲಕದ ಹಿಂಬದಿಯ ಸ್ಟಿಕರಿನ ಸೀರಿಯಲ್ ಸಂಖ್ಯೆ. ಕಂಪನಿಗೆ ಅಂದೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಕಿ, ಕಳವು, ಗಲಭೆಯಾಗಿದ್ದರೆ ಪೊಲೀಸರಿಗೂ ತಿಳಿಸಬೇಕು. ಕ್ಲೇಮ್ ಅರ್ಜಿಯನ್ನು ಹಾನಿ ಗಮನಕ್ಕೆ ಬಂದ 30 ದಿನಗಳೊಳಗೆ ಕೊಡಬೇಕು. ಇನ್‌ವಾಯ್ಸ್, ನೆಟ್ ಮೀಟರ್ ಒಪ್ಪಂದ, ಎಸ್ಕಾಂ ಕೊಟ್ಟ ಚಾಲನಾ ಪತ್ರ, ದುರಸ್ತಿಯ ಕೊಟೇಶನ್ ಜೊತೆಗಿರಲಿ. ಇನ್ವರ್ಟರಿನ ಮೊಬೈಲ್ ಆ್ಯಪ್‌ನಲ್ಲಿ ಉತ್ಪಾದನೆ ಯಾವ ನಿಮಿಷಕ್ಕೆ ನಿಂತಿತು ಎಂಬ ದಾಖಲೆ ಸಿಗುತ್ತದೆ, ಅದರ ಸ್ಕ್ರೀನ್‌ಶಾಟ್ ಸೇರಿಸಿ. ಆ ದಿನ ನಿಮ್ಮ ಹೋಬಳಿಯಲ್ಲಿ ಗಾಳಿ-ಮಳೆ ಇತ್ತೇ ಎಂಬ ಪ್ರಶ್ನೆ ಎದ್ದರೆ, ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಹೊಂದಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಒಳ್ಳೆಯ ಸಾಕ್ಷಿ.

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಸರ್ವೇಯರ್ 15 ದಿನಗಳಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ದಾಖಲೆ ಸಾಲದೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ತಿರಸ್ಕರಿಸಿದರೆ ಯಾವ ಷರತ್ತಿನ ಮೇಲೆ ಎಂಬುದನ್ನು ಬರೆದುಕೊಡುವಂತೆ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಅಥವಾ ಐಆರ್‌ಡಿಎಐನ ದೂರು ಜಾಲತಾಣವಾದ ‘ಬಿಮಾ ಭರೋಸಾ’ಕ್ಕೆ ಬರೆಯಿರಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ವ್ಯಾಜ್ಯಗಳನ್ನು ಬಗೆಹರಿಸುವ ಅಧಿಕಾರಿಗೆ) ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ₹50 ಲಕ್ಷದವರೆಗಿನ ವ್ಯಾಜ್ಯಗಳನ್ನು ಅಲ್ಲಿ ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಪಾಲಿಸಿಯ ಷೆಡ್ಯೂಲ್, ಎಂಡಾರ್ಸ್‌ಮೆಂಟ್, ಕೊಳ್ಳುವಾಗ ಕಂಪನಿಯಿಂದ ಪಡೆದ ಲಿಖಿತ ಉತ್ತರಗಳು ಮತ್ತು ಸರ್ವೇಯರ್ ವರದಿಯ ಪ್ರತಿ ಲಗತ್ತಿಸಬೇಕು.